ಯಾರ ಕಣ್ಣಿಗೂ ಬೀಳದ ಚೀಲ

೨೦೨೩ರ ಬೇಸಿಗೆ. ಚಿಕ್ಕಬಳ್ಳಾಪುರದಲ್ಲಿ ಇಪ್ಪತ್ತೆಂಟು ವರ್ಷ ನಡೆಸಿದ ಫೋಟೋ ಸ್ಟುಡಿಯೋಗೆ ಬೀಗ ಹಾಕಿ ಮನೆಯಲ್ಲಿ ಕೂತಿದ್ದೆ. ಕೈಯಲ್ಲೇ ಫೋನು ಇರುವವರಿಗೆ ಸ್ಟುಡಿಯೋ ಯಾಕೆ ಬೇಕು? ಆಗ ಒಂದು ಸಂಶೋಧನಾ ಸಂಸ್ಥೆಯವರು ಹುಡುಕಿಕೊಂಡು ಬಂದು ಕೆಲಸ ಒಪ್ಪಿಸಿದರು. ನಮ್ಮ ಜಿಲ್ಲೆಯಲ್ಲಿ ರೇಷ್ಮೆ ಹುಳು ಸಾಕುವವರು, ಗೂಡಿನಿಂದ ನೂಲು ತೆಗೆಯುವವರು, ಇವರ ಭಾವಚಿತ್ರಗಳು ಬೇಕು. ಅವು ಡಿಜಿಟಲ್ ಆಗಬಾರದು, ಮೀಡಿಯಂ ಫಾರ್ಮ್ಯಾಟ್ ಫಿಲ್ಮ್‌ನಲ್ಲೇ ಇರಬೇಕು. ಕಪಾಟಿನಲ್ಲಿ ಇಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುವ ನೆಗೆಟಿವ್ ಅವರಿಗೆ ಬೇಕಿತ್ತು.

ಮೀಡಿಯಂ ಫಾರ್ಮ್ಯಾಟ್ ಎಂದರೆ ಹಿಂದೆ ಎಲ್ಲರ ಮನೆಯಲ್ಲಿದ್ದ ಸಣ್ಣ ರೀಲಿಗಿಂತ ಹೆಚ್ಚು ಅಗಲದ ಫಿಲ್ಮ್. ಒಂದು ರೀಲಿಗೆ ಹನ್ನೆರಡೇ ಚಿತ್ರ. ಫಿಲ್ಮ್‌ನ ಬೆನ್ನಿಗೆ ಉದ್ದಕ್ಕೂ ಕಪ್ಪು ಕಾಗದ ಇರುತ್ತದೆ. ತೆಗೆದ ಚಿತ್ರ ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಕತ್ತಲ ಕೋಣೆಯಲ್ಲಿ ತೊಳೆಯುವ ತನಕ ಒಳಗೆ ಏನಿದೆಯೆಂದು ತೆಗೆದವರಿಗೂ ಕಾಣದು. ನನ್ನ ಬಳಿ ಇಂಥ ಎರಡು ಕ್ಯಾಮೆರಾ ಇದ್ದವು. ಒಂದು, ಮೇಲೊಂದು ಕೆಳಗೊಂದು ಲೆನ್ಸ್ ಇರುವ ಟ್ವಿನ್ ಲೆನ್ಸ್. ಅದನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಇನ್ನೊಂದು ಅದಕ್ಕಿಂತ ದಪ್ಪದ್ದು. ಲೈಟ್ ಮೀಟರ್, ರೀಲುಗಳು ಎಲ್ಲ ಸೇರಿ ನಾಲ್ಕು ಕಿಲೋ ಹತ್ತಿರ ಬರುತ್ತಿತ್ತು.

ಮೊದಲ ತಿಂಗಳು ಇವನ್ನು ಕ್ಯಾಮೆರಾಕ್ಕೆಂದೇ ಮಾಡಿದ ಕಪ್ಪು ಬ್ಯಾಗಿನಲ್ಲಿ ಒಯ್ದೆ. ಅದರಿಂದ ಕೆಲಸವೇ ಕೆಟ್ಟಿತು. ತೊಂಡೇಬಾವಿಯಲ್ಲಿ ರೈಲಿಳಿದು ಊರೊಳಗೆ ಕಾಲಿಟ್ಟರೆ "ಯಾವ ಚಾನೆಲ್ಲಮ್ಮ?" ಎಂದು ಜನ ಸುತ್ತುಗಟ್ಟಿದರು. ಚರಂಡಿ ತೋರಿಸಿದರು, ಮುರಿದ ಕರೆಂಟ್ ಕಂಬ ತೋರಿಸಿದರು. ಮೇಲೂರಿನಲ್ಲಿ ನೂಲು ತೆಗೆಯುವ ಮನೆಯೊಂದರವರು ನನ್ನನ್ನು ಇನ್ಸ್‌ಪೆಕ್ಟರ್ ಎಂದುಕೊಂಡು ಬಾಗಿಲನ್ನೇ ತೆಗೆಯಲಿಲ್ಲ. ಬಾಗಿಲು ತೆಗೆದವರು ಬ್ಯಾಗು ನೋಡಿದ ಕೂಡಲೇ ಒಳಗೆ ಹೋಗಿ ಸೀರೆ ಬದಲಾಯಿಸಿ, ಮುಖಕ್ಕೆ ಪೌಡರ್ ಹಾಕಿಕೊಂಡು ಕಲ್ಲಿನ ಹಾಗೆ ಬಂದು ನಿಲ್ಲುತ್ತಿದ್ದರು. ಆ ಮುಖಗಳು ನನಗೆ ಬೇಕಿರಲಿಲ್ಲ.

ಹಾಗಾಗಿ ಯಾರ ಕಣ್ಣಿಗೂ ಬೀಳದ ಚೀಲವೊಂದನ್ನು ಹುಡುಕತೊಡಗಿದೆ. ಸ್ಕೂಲ್ ಬ್ಯಾಗ್ ನೋಡಿದೆ. ತಳ ತೆಳು, ಕೆಳಗಿಟ್ಟರೆ ಲೆನ್ಸು ನೆಲಕ್ಕೆ ಬಡಿಯುತ್ತಿತ್ತು. ಔಷಧ ಕಂಪನಿಯವರು ಹಿಡಿಯುವ ಗಟ್ಟಿ ಬ್ಯಾಗ್ ಹಿಡಿದು ಹೋದರೆ ಬಸ್ಸಿನಲ್ಲಿ ಒಬ್ಬರು ಮಂಡಿನೋವಿಗೆ ಮಾತ್ರೆ ಕೇಳಿದರು. ಪ್ಲಾಸ್ಟಿಕ್ ವೈರಿನ ಬುಟ್ಟಿಯ ಸಂದಿನಲ್ಲಿ ಧೂಳು ನುಗ್ಗಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ನಮ್ಮ ಕಡೆ ಪ್ರತಿ ಬಸ್ಸಿನಲ್ಲೂ ಕಾಣುವ ಮೆರೂನ್ ಬಣ್ಣದ ಜಿಪ್ ಚೀಲ. ಮದುವೆ ಜವಳಿ ತೆಗೆದವರಿಗೆ ಬಟ್ಟೆ ಅಂಗಡಿಯವರು ಸುಮ್ಮನೆ ಕೊಡುವಂಥದ್ದು. ದಪ್ಪ ಬಟ್ಟೆ, ಅಗಲ ಬಾಯಿ, ಭುಜಕ್ಕೆ ಹಾಕಿಕೊಳ್ಳುವಷ್ಟು ಉದ್ದದ ಹಿಡಿ. ತಂಗಿಯ ಮನೆಯಲ್ಲಿ ಅಂಥದ್ದೊಂದಿತ್ತು, ಕೇಳಿ ತಂದೆ. ಹಳೆ ಹಾಸಿಗೆಯ ಸ್ಪಂಜು ಕತ್ತರಿಸಿ, ನೈಟಿ ಬಟ್ಟೆ ಹೊದಿಸಿ, ಒಳಗೆ ಎರಡು ಗೂಡು ಹೊಲಿದೆ. ಮೇಲೊಂದು ಟವೆಲು ಮುಚ್ಚಿದೆ. ಸ್ಟುಡಿಯೋ ಹೆಸರಿದ್ದ ಕಾರ್ಡುಗಳನ್ನು ತೆಗೆದಿಟ್ಟೆ. ಕ್ಯಾಮೆರಾದ ಪಟ್ಟಿಯ ಮೇಲೆ ಅಂಟಿಸಿದ್ದ ನನ್ನ ಹೆಸರನ್ನೂ ಕೆರೆದು ಹಾಕಿದೆ. ಒಳಗೆ ಯಾರಾದರೂ ಇಣುಕಿದರೂ ಫೋಟೋದವಳೆಂದು ತಿಳಿಯಬಾರದು, ಅಷ್ಟೇ ನನ್ನ ಯೋಚನೆ.

ಆ ಚೀಲ ಹಿಡಿದ ಮೇಲೆ ಕೆಲಸ ಹೂವಿನ ಹಾಗೆ ಸಾಗಿತು. ನೆಂಟರ ಮನೆಗೆ ಬಂದವಳ ಹಾಗೆ ಹೋಗಿ ಕೂರುತ್ತಿದ್ದೆ. ಕಾಫಿ ಕುಡಿದು, ಮಾತಾಡಿ, ಅವರು ಕೆಲಸಕ್ಕೆ ತಿರುಗಿದ ಮೇಲೆ ಮೆಲ್ಲಗೆ ಜಿಪ್ ಎಳೆಯುತ್ತಿದ್ದೆ. ಶಿಡ್ಲಘಟ್ಟದ ಜೈತುನ್‌ಬಿಯವರ ಮನೆಗೂ ಹಾಗೆಯೇ ಹೋದದ್ದು.

ಜೈತುನ್‌ಬಿಯವರಿಗೆ ಎಪ್ಪತ್ತು ದಾಟಿತ್ತು. ಬಿಸಿನೀರಿನ ಬಾನಿಯ ಮುಂದೆ ಕೂತು ಗೂಡಿನಿಂದ ಎಳೆ ತೆಗೆಯುವ ಕೆಲಸವನ್ನೇ ಜೀವಮಾನವೆಲ್ಲ ಮಾಡಿದವರು. ಬೆರಳ ತುದಿಗಳು ಬೆಂದು ಬೆಂದು ನುಣುಪಾಗಿದ್ದವು. ಆಧಾರ್ ಕಾರ್ಡಿನಲ್ಲಿರುವ ಬೆದರಿದ ಮುಖ ಬಿಟ್ಟರೆ ಅವರದೊಂದು ಫೋಟೋ ಮನೆಯಲ್ಲಿರಲಿಲ್ಲ. ಕಾರಣವನ್ನು ಮಗಳು ಶಾಹಿನಾ ಹೇಳಿದಳು. ಮೊದಲೆಲ್ಲ ಫೋಟೋ ತೆಗೆಸಲು ಕೈಯಲ್ಲಿ ಕಾಸಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅವರು ಕೂಲಿಯ ವಿಷಯಕ್ಕೆ ಯಾರನ್ನೋ ಬೈಯುತ್ತಿದ್ದಾಗ ಪಕ್ಕದವನೊಬ್ಬ ಫೋನಿನಲ್ಲಿ ವಿಡಿಯೋ ಮಾಡಿ, ಅದಕ್ಕೆ ತಮಾಷೆಯ ಹಾಡು ಸೇರಿಸಿ ಹಂಚಿದ್ದ. ಬೀದಿಯಲ್ಲಿ ಅವರನ್ನು ಕಂಡವರೆಲ್ಲ ಆ ಹಾಡು ಗುನುಗುತ್ತಿದ್ದರು. ಆಮೇಲೆ ಅವರು ಮಗಳ ಫೋನಿಗೂ ಮುಖ ತೋರಿಸಲಿಲ್ಲ. ಮನೆಯಲ್ಲಿ ಮದುವೆಯಾದಾಗಲೂ ಫೋಟೋ ತೆಗೆಯುವ ಹೊತ್ತಿಗೆ ಅಡುಗೆಮನೆ ಸೇರಿದ್ದರಂತೆ.

ಮೂರು ಸಲ ಹೋಗಿ ಬಂದೆ. ನಾಲ್ಕನೆಯ ಸಲ ಅವರೇ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು.

"ಇದ್ರಲ್ಲಿ ಫೋಟೋ ಎಲ್ಲಿ ಕಾಣ್ತೈತೆ?"

"ಕಾಣಲ್ಲಮ್ಮಾ. ತೊಳೆದ ಮೇಲೆ ಬರೋದು."

"ಫೋನಿಗೆ ಹೋಗಲ್ವಾ?"

"ಹೋಗಲ್ಲ. ಒಂದೇ ಒಂದು ಫೋಟೋ ಮಾಡಿ, ಅದರ ನೆಗೆಟಿವ್‌ನೂ ನಿಮ್ಮ ಕೈಗೇ ಕೊಡ್ತೀನಿ. ಸಂಸ್ಥೆಯವರಿಗೂ ಕೊಡಲ್ಲ."

ಅವರು ಕ್ಯಾಮೆರಾವನ್ನು ನನ್ನ ಕೈಗೆ ವಾಪಸು ಕೊಟ್ಟರು. "ಅಲ್ಲಿತಂಕ ನಿನ್ ಹತ್ರಾನೇ ಇರ್ಬೇಕು ನೋಡು. ಬೇರೆಯವ್ರ ಕೈಗೆ ಹೋಗ್ಬಾರ್ದು."

"ನನ್ನ ಹತ್ರಾನೇ ಇರುತ್ತೆ" ಎಂದೆ.

ಅಂದು ಬೆಳಿಗ್ಗೆ ಕಿಟಕಿಯ ಪಕ್ಕ ಕೂರಿಸಿ ಎಂಟು ಚಿತ್ರ ತೆಗೆದೆ. ಮೊದಲೆರಡು ಮೂರನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ; ಎದುರು ಕೂತವರಿಗೆ ಶಟರಿನ ಸದ್ದು ಅಭ್ಯಾಸವಾಗಲೆಂದು ಒತ್ತುತ್ತೇನೆ. ಕೊನೆಯ ಮೂರರಲ್ಲಿ ಜೈತುನ್‌ಬಿ ನೆಟ್ಟಗೆ ಲೆನ್ಸನ್ನೇ ನೋಡಿದರು, ಕೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು. ಅಂಥ ಚಿತ್ರ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಉಳಿದ ನಾಲ್ಕು ಚಿತ್ರಗಳನ್ನು ಚಿಂತಾಮಣಿಯಲ್ಲಿ ಮುಗಿಸೋಣವೆಂದು ರೀಲನ್ನು ಕ್ಯಾಮೆರಾದಲ್ಲೇ ಬಿಟ್ಟು ಬಸ್ ನಿಲ್ದಾಣಕ್ಕೆ ಹೊರಟೆ.

ಚಿಂತಾಮಣಿಯ ಬಸ್ಸು ಕಿಕ್ಕಿರಿದಿತ್ತು. ನಿಂತವರ ಚೀಲಗಳನ್ನೆಲ್ಲ ಮುಂದಕ್ಕೆ ದಾಟಿಸಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಇಟ್ಟರು. ನನ್ನದೂ ಹೋಯಿತು. ದಾರಿಯಲ್ಲಿ ಹಿಂದೆ ಸೀಟು ಸಿಕ್ಕಿ ಕೂತೆ, ಕಣ್ಣು ಎಳೆಯಿತು. ಚಿಂತಾಮಣಿಯಲ್ಲಿ ಎಲ್ಲರೂ ಇಳಿದ ಮೇಲೆ ಬಾನೆಟ್ ಮೇಲೆ ಒಂದೇ ಮೆರೂನ್ ಚೀಲ ಉಳಿದಿತ್ತು. ಎತ್ತಿಕೊಂಡೆ. ಭಾರ ಅಷ್ಟೇ ಇತ್ತು.

ಅದೇ ಊರಿನಲ್ಲಿದ್ದ ತಂಗಿಯ ಮನೆಗೆ ಹೋಗಿ ಜಿಪ್ ಎಳೆದರೆ ಮೇಲೊಂದು ಟವೆಲು, ಕೆಳಗೆ ಪಂಪ್‌ಸೆಟ್ಟಿನ ಸ್ಟಾರ್ಟರ್. ಬೋರ್‌ವೆಲ್ ಮೋಟಾರು ಚಾಲೂ ಮಾಡಲು ಗೋಡೆಗೆ ಹಾಕುವ ಕಬ್ಬಿಣದ ಡಬ್ಬಿ. ಜೊತೆಗೆ ಒಂದು ಎಲೆಅಡಿಕೆ ಪೊಟ್ಟಣ. ಬೇರೇನೂ ಇಲ್ಲ. ನಾನು ಪೆದ್ದಿಯ ಹಾಗೆ ಆ ಟವೆಲನ್ನು ಎತ್ತಿ ಇಟ್ಟು, ಎತ್ತಿ ಇಟ್ಟು ಮತ್ತೆ ಮತ್ತೆ ನೋಡಿದೆ.

ಬಸ್ ನಿಲ್ದಾಣಕ್ಕೆ ಓಡಿದೆ. ಬಸ್ಸು ಆಗಲೇ ಬೇರೆ ರೂಟಿಗೆ ಹೋಗಿತ್ತು. ಕಂಟ್ರೋಲರ್ ಕೊಠಡಿಯಲ್ಲಿದ್ದವರು ಕಂಡಕ್ಟರಿಗೆ ಫೋನ್ ಮಾಡಿ ಕೇಳಿದರು, ಏನೂ ಸಿಕ್ಕಿಲ್ಲವೆಂದು ಉತ್ತರ ಬಂತು.

"ಮೆರೂನ್ ಚೀಲ ಅಂದ್ರೆ ಅರ್ಧ ಊರಿನ ಕೈಯಲ್ಲೈತೆ ತಾಯಿ. ಗುರುತೇನಾದ್ರೂ ಹೇಳಿ" ಎಂದರು.

ಗುರುತು? ಒಂದೂ ಇರದಂತೆ ನಾನೇ ನೋಡಿಕೊಂಡಿದ್ದೆ.

ಹೊರಗೆ ಬಂದು ನಿಂತರೆ ಕಣ್ಣಿಗೆ ಮೆರೂನ್ ಬಿಟ್ಟು ಬೇರೆ ಬಣ್ಣವೇ ಕಾಣಲಿಲ್ಲ. ಒಬ್ಬ ಹೆಂಗಸಿನ ಹಿಂದೆ ಓಡಿ ಚೀಲಕ್ಕೆ ಕೈ ಹಾಕಿಬಿಟ್ಟೆ. ಆಕೆ ಗಾಬರಿಯಾಗಿ ಎದೆಗವಚಿಕೊಂಡು, ಆಮೇಲೆ ನನ್ನ ಮುಖ ನೋಡಿ ಏನೆನಿಸಿತೋ, ತಾನೇ ಜಿಪ್ ತೆಗೆದು ತೋರಿಸಿದಳು. ಟೊಮೆಟೊ, ಒಂದು ಜೊತೆ ಚಪ್ಪಲಿ. "ಏನ್ ಕಳ್ಕೊಂಡ್ರಿ?" ಎಂದಳು. ತಪ್ಪಾಯಿತೆಂದು ಹೇಳಿ ಹಿಂದೆ ಸರಿದೆ. ಪೊಲೀಸ್ ಠಾಣೆಗೆ ಹೋಗಿ ಹೇಳಿ ಬಂದೆ. ಬಸ್ಸುಗಳು ಕಡಿಮೆಯಾಗುವವರೆಗೆ ನಿಲ್ದಾಣದಲ್ಲೇ ಇದ್ದೆ. ಕ್ಯಾಮೆರಾಗಳು ಹೋದರೆ ಹೋಗಲಿ, ಆ ರೀಲೊಂದು ಸಿಗಲಿ ಎಂದು ಯಾವ ಯಾವ ದೇವರಿಗೆ ಕೈ ಮುಗಿದೆನೋ. ಬೆಂಗಳೂರಿನ ಯಾವುದೋ ಹಳೆ ಸಾಮಾನಿನ ಅಂಗಡಿಯಲ್ಲಿ ಯಾರೋ ಅದನ್ನು ಎಳೆದು ಬಿಸಾಡುತ್ತಿರುವ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು.

ಮರುದಿನ ಬೆಳಿಗ್ಗೆ ಸ್ಟಾರ್ಟರನ್ನು ಮತ್ತೆ ನೋಡಿದೆ. ಡಬ್ಬಿ ಹಳೆಯದು, ಒಳಗಿನ ಕಾಯಿಲ್ ಹೊಸದು, ಇನ್ನೂ ವಾರ್ನಿಶ್ ವಾಸನೆ. ರಿಪೇರಿಯಾಗಿ ಬಂದ ಮಾಲು. ಬಸ್ಸು ಹೊರಟದ್ದು ಶಿಡ್ಲಘಟ್ಟದಿಂದ. ಹಾಗಾದರೆ ರಿಪೇರಿಯಾದದ್ದೂ ಅಲ್ಲೇ ಇರಬೇಕು. ಮೋಟಾರ್ ವೈಂಡಿಂಗ್ ಅಂಗಡಿಗಳನ್ನೆಲ್ಲ ಸುತ್ತಿದರೆ ಒಬ್ಬನಾದರೂ ಗುರುತು ಹಿಡಿಯುತ್ತಾನೆ ಎಂದು ಹೊರಟೆ. ಚಪ್ಪಲಿ ಮೆಟ್ಟುತ್ತಿದ್ದಾಗ ಶಾಹಿನಾಳ ಫೋನ್ ಬಂತು.

"ಅಕ್ಕಾ, ಅಮ್ಮೀ ಹೋಗ್ಬಿಟ್ರು. ಬೆಳಿಗ್ಗೆ ನಮಾಜಿಗೆ ಎದ್ದೋರು ಅಲ್ಲೇ ಕೂತ್ಕೊಂಡ್ರು, ಅಷ್ಟೇ" ಎಂದಳು. ಅಳು ನಿಲ್ಲಿಸಿಕೊಂಡು, "ನೀವ್ ತೆಗೆದ್ರಲ್ಲ, ಅದೊಂದೇ ಅಕ್ಕಾ ನಮ್ಗೆ" ಎಂದಳು.

ಬರುತ್ತೇನೆ ಎಂದಷ್ಟೇ ಹೇಳಿದೆ. ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವರ ಮನೆಗೆ ಹೋಗದೆ ನೇರ ಅಂಗಡಿಗಳ ಕಡೆ ಹೋಗಿಬಿಡಬಹುದಿತ್ತು. ಕಾಲು ಆ ಬೀದಿಯ ಬಾಯಲ್ಲಿ ತಾನಾಗಿ ನಿಂತಿತು.

ಮನೆ ತುಂಬ ಹೆಂಗಸರು. ಶಾಹಿನಾ ನನ್ನನ್ನು ಕಂಡು ಎದ್ದು ಬಂದಳು. ಅವಳ ಕಣ್ಣು ಮೊದಲು ಹೋದದ್ದು ನನ್ನ ಭುಜದ ಚೀಲದ ಕಡೆಗೆ. ಅದರಲ್ಲೇ ತಾಯಿ ಇದ್ದಾರೆ ಎಂಬಂತೆ ನೋಡಿದಳು. ನನಗೆ ತಡೆಯಲಾಗಲಿಲ್ಲ.

"ಇದು ನನ್ನ ಚೀಲ ಅಲ್ಲಮ್ಮ. ನಿನ್ನೆ ಬಸ್ಸಲ್ಲಿ ಬದಲಾಗಿಹೋಯ್ತು. ಹುಡುಕ್ತಾ ಇದ್ದೀನಿ."

ಅವಳು ಬೈಯಲಿಲ್ಲ.

"ಹಂಗಾದ್ರೆ ಈಗ ಅಮ್ಮೀ ಯಾರ್ ಕೈಯಲ್ಲವ್ರೆ?"

ಈ ಕೆಲಸದಲ್ಲಿ ಅಷ್ಟು ವರ್ಷ ಎಷ್ಟೋ ಜನರ ಮಾತು ಕೇಳಿದ್ದೇನೆ. ಆಲ್ಬಂ ತಡವಾಯಿತೆಂದು ಕೂಗಾಡಿದವರಿದ್ದಾರೆ, ಮುಖ ಕಪ್ಪಾಗಿ ಬಂದಿದೆ ಎಂದು ಫೋಟೋ ಹರಿದು ಎಸೆದವರಿದ್ದಾರೆ. ಈ ಮಾತಿನ ಮುಂದೆ ಅವೆಲ್ಲ ಏನೂ ಅಲ್ಲ. ಒಳಗೆ ಹೋಗಿ ಜೈತುನ್‌ಬಿಯವರ ಮುಖ ನೋಡಿದೆ. ಕೈಗಳು ಬಿಳಿ ಬಟ್ಟೆಯೊಳಗಿದ್ದವು.

ಮೂರು ವೈಂಡಿಂಗ್ ಅಂಗಡಿಗಳಲ್ಲಿ ತಮ್ಮದಲ್ಲವೆಂದರು. ನಾಲ್ಕನೆಯದು, ಅನ್ವರ್ ಎಂಬುವರದು, ಮುಚ್ಚಿತ್ತು. ಜೈತುನ್‌ಬಿಯವರ ಮಣ್ಣಿಗೆ ಹೋಗಿದ್ದಾರೆ ಎಂದು ಪಕ್ಕದವರು ಹೇಳಿದರು. ಬಿಸಿಲಿನಲ್ಲಿ ಆ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಅವರನ್ನು ಮಣ್ಣು ಮಾಡಿ ಬರುವವರಿಗಾಗಿ ಅವರ ಮುಖ ಹುಡುಕಲು ಕಾಯುತ್ತ ಕೂತಿದ್ದೇನಲ್ಲ ಎನಿಸಿ ತಲೆ ತಗ್ಗಿಸಿದವಳು, ಅನ್ವರ್ ಬಂದು ಷಟರ್ ಎತ್ತುವವರೆಗೂ ಎತ್ತಲಿಲ್ಲ. ಮಣ್ಣಿಗೆ ಹೋಗುವಾಗ ತಲೆಗೆ ಕಟ್ಟಿದ್ದ ಕರ್ಚೀಫು ಇನ್ನೂ ಹಾಗೇ ಇತ್ತು.

"ಇದು ನಿನ್ನೆ ನಾನೇ ಮಾಡ್ಕೊಟ್ಟಿದ್ದು. ಕೆಂಚಾರ್ಲಹಳ್ಳಿ ವೆಂಕಟರವಣಪ್ಪಂದು. ಗಂಡ ಹೆಂಡ್ತಿ ಇಬ್ರೂ ಬಂದಿದ್ರು" ಎಂದು ಅವರೇ ಫೋನ್ ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. "ಹುಳ ಮೇಯೋ ಟೈಮು, ಸೊಪ್ಪಿನ ತೋಟದಾಗಿರ್ತಾರೆ. ನೀವ್ ಹೋಗ್ಬಿಡಿ" ಎಂದರು.

ಮತ್ತೆ ಚಿಂತಾಮಣಿಗೆ ಬಸ್ಸು, ಅಲ್ಲಿಂದ ಆಟೋ. ಕೆಂಚಾರ್ಲಹಳ್ಳಿ ತಲುಪಿದಾಗ ಹೊತ್ತು ಇಳಿಯುತ್ತಿತ್ತು. ಮನೆ ಕೇಳಿಕೊಂಡು ಹೋದೆ. ಜಗಲಿಯ ಮೇಲೆ ವೆಂಕಟರವಣಪ್ಪನವರ ಹೆಂಡತಿ ಮುನಿರತ್ನಮ್ಮ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದರು. ನನ್ನ ಭುಜದ ಚೀಲ ಕಂಡದ್ದೇ ಎದ್ದು ನಿಂತರು.

"ಅಯ್ಯೋ ದೇವುಡಾ, ನಿಮ್ದೇನಾ ತಾಯಿ? ಬನ್ನಿ, ಬನ್ನಿ. ರಾತ್ರಿ ನಮ್ಗೆ ನಿದ್ದೇನೇ ಇಲ್ಲ, ಯಾರ್ದೋ ಬೆಲೆಬಾಳೋ ವಸ್ತು ತಂದ್ಬಿಟ್ವಲ್ಲ ಅಂತ. ಇವ್ರು ಬೆಳಿಗ್ಗೆ ಬಸ್‌ಸ್ಟಾಂಡಿಗೂ ಹೋಗಿ ಹೇಳ್ಬಂದ್ರು."

ನಾನು ಶಿಡ್ಲಘಟ್ಟದ ಬಸ್ಸಿನಲ್ಲಿದ್ದಾಗ ಅವರು ಚಿಂತಾಮಣಿಯ ನಿಲ್ದಾಣದಲ್ಲಿದ್ದರು. ಹಿಂದಿನ ದಿನ ಗಾಬರಿಯಲ್ಲಿ ಅಲ್ಲಿ ನನ್ನ ಫೋನ್ ನಂಬರು ಬಿಟ್ಟುಬರುವುದನ್ನೂ ಮರೆತಿದ್ದೆ. ಒಳಗೆ ಮಂಚದ ಮೇಲೆ ಮಡಿ ಪಂಚೆ ಹಾಸಿ ನನ್ನ ಸಾಮಾನನ್ನೆಲ್ಲ ಒಂದೊಂದಾಗಿ ಇಟ್ಟಿದ್ದರು. ಎರಡು ಕ್ಯಾಮೆರಾ, ಮೀಟರ್, ಹೊಸ ರೀಲುಗಳು. ಒಂದು ಗೀರೂ ಬಿದ್ದಿರಲಿಲ್ಲ. ಮಂಚದ ಪಕ್ಕದಲ್ಲೇ ಕೂತೆ. ಟ್ವಿನ್ ಲೆನ್ಸನ್ನು ಕೈಗೆತ್ತಿಕೊಂಡೆ. ಹಿಂಬದಿಯ ಮುಚ್ಚಳ ತೆರೆಯುವ ಅಡಿಯ ತಿರುಪು ಅರ್ಧಕ್ಕೆ ನಿಂತಿತ್ತು.

"ಇದನ್ನ ತೆಗೆದ್ರಾ ಅಮ್ಮಾ?"

"ಹೂಂ. ಹೆಸರು ಗಿಸರು ಇರ್ತದೇನೋ ಅಂತ ಚೀಲ ಎಲ್ಲಾ ಹುಡುಕಿದ್ವಿ, ಎಲ್ಲೂ ಇಲ್ಲ. ಕೆಳಗಡೆ ತಿರುಗಿಸಿದ್ರೆ ಇದು ಬಾಯಿ ಬಿಡ್ತು. ಒಳಗಡೆ ಬರ್ದಿರ್ತಾರೇನೋ ಅಂತ ನೋಡ್ದೆ. ಕಾಗದದ ಸುತ್ತು ಕಾಣ್ತು, ತಕ್ಷಣ ಮುಚ್ಚಿಬಿಟ್ಟೆ."

"ಎಲ್ಲಿ ಕೂತು ತೆಗೆದ್ರಿ?"

"ಒಳಗಡೆ ಕತ್ಲು ಅಂತ ಜಗಲಿಗೆ ತಂದೆ ತಾಯಿ. ನಿನ್ನೆ ಬಂದ ತಕ್ಷಣ, ಬಿಸ್ಲಲ್ಲಿ."

ತೊಳೆಯದ ಫಿಲ್ಮಿಗೆ ಬೆಳಕು ಬಿದ್ದರೆ ಚಿತ್ರ ಸುಟ್ಟುಹೋಗುತ್ತದೆಂದು ಹೇಳಿದ್ದರೆ ಅವರು ಜೀವನವಿಡೀ ಕೊರಗುತ್ತಿದ್ದರು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತು" ಎಂದೆ. ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ವೆಂಕಟರವಣಪ್ಪ ತೋಟದಿಂದ ಬಂದು ಸ್ಟಾರ್ಟರ್ ನೋಡಿ ಮಗು ಸಿಕ್ಕಿದವರ ಹಾಗೆ ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಮೋಟಾರು ಗುಂಯ್‌ಗುಟ್ಟಿತು, ಮುನಿರತ್ನಮ್ಮನ ಮುಖ ಅರಳಿತು.

ಚಿಕ್ಕಬಳ್ಳಾಪುರಕ್ಕೆ ಬಂದು ರೀಲನ್ನು ಕೂಡಲೇ ತೊಳೆಯಲು ಧೈರ್ಯ ಬರಲಿಲ್ಲ. ತೊಳೆಯದಿರುವವರೆಗೆ ಚಿತ್ರ ಇದೆ ಎಂದಾದರೂ ಅಂದುಕೊಳ್ಳಬಹುದಲ್ಲ. ಒಂದು ವಾರ ಕಪಾಟಿನಲ್ಲಿಟ್ಟೆ. ಶಾಹಿನಾ ಮತ್ತೆ ಫೋನ್ ಮಾಡಲಿಲ್ಲ, ಅದು ಇನ್ನೂ ಚುಚ್ಚುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಬಚ್ಚಲುಮನೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ರೀಲನ್ನು ಟ್ಯಾಂಕಿಗೆ ಸುತ್ತಿದೆ.

ಈ ಫಿಲ್ಮ್‌ನಲ್ಲಿ ಮೊದಲು ತೆಗೆದ ಚಿತ್ರ ಸುರುಳಿಯ ಒಳಗಿನ ಸುತ್ತಿನಲ್ಲಿರುತ್ತದೆ, ಕೊನೆಯದು ಹೊರಗೆ. ಬೆಳಕು ಬಿದ್ದಾಗ ಹೊರಗಿನವು ಮೊದಲು ಸುಡುತ್ತವೆ. ನೀರಿನಿಂದ ಎತ್ತಿ ಬೆಳಕಿಗೆ ಹಿಡಿದೆ. ಕೊನೆಯ ಐದು ಚಿತ್ರ ಪೂರ್ತಿ ಕಪ್ಪು. ನೆಗೆಟಿವ್‌ನಲ್ಲಿ ಕಪ್ಪೆಂದರೆ ಬರೀ ಬೆಳಕು, ಬೇರೇನೂ ಇಲ್ಲ. ನೆಟ್ಟಗೆ ನೋಡಿದ್ದ ಆ ಮುಖ, ಮಡಿಲಲ್ಲಿ ಬಿಚ್ಚಿಟ್ಟ ಆ ಕೈಗಳು ಹೋಗಿದ್ದವು. ಎರಡು, ಮೂರನೆಯವು ಅರ್ಧ ಸುಟ್ಟಿದ್ದವು. ಮೊದಲನೆಯದೊಂದು, ಅಂಚಿಗೆ ಸ್ವಲ್ಪ ಬೆಳಕು ತಿಂದಿದ್ದು ಬಿಟ್ಟರೆ, ಉಳಿದಿತ್ತು. ನಾನು ಲೆಕ್ಕಕ್ಕೇ ಇಡದ ಚಿತ್ರ. ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಶಾಹಿನಾ ಪರದೆ ಎಳೆಯಲು ಬಂದಿದ್ದಳು, ಅವಳಿನ್ನೂ ಚೌಕಟ್ಟಿನಿಂದ ಆಚೆ ಸರಿದಿರಲಿಲ್ಲ. ಜೈತುನ್‌ಬಿ ಕ್ಯಾಮೆರಾ ನೋಡುತ್ತಿರಲಿಲ್ಲ. ತಲೆ ಎತ್ತಿ ಮಗಳಿಗೆ ಏನೋ ಹೇಳುತ್ತಿದ್ದರು, ಮುಖ ಓರೆಯಾಗಿ ಕಾಣುತ್ತಿತ್ತು.

ಒಂದೇ ಪ್ರಿಂಟ್ ಮಾಡಿ, ನೆಗೆಟಿವ್ ಸಮೇತ ಶಿಡ್ಲಘಟ್ಟಕ್ಕೆ ಒಯ್ದೆ. ನಡೆದದ್ದನ್ನೆಲ್ಲ ಹೇಳಿದೆ. ಒಳ್ಳೆಯವೆಲ್ಲ ಹೋದವು, ಇದು ಸರಿಯಾದ ಫೋಟೋ ಅಲ್ಲ ಎಂದೆ. ಶಾಹಿನಾ ಪ್ರಿಂಟನ್ನು ಹಿಡಿದು ಬಾಗಿಲ ಬೆಳಕಿಗೆ ಹೋದಳು. ಅವಳ ಸಿಟ್ಟನ್ನು ಎದುರಿಸಲು ಸಿದ್ಧವಾಗಿಯೇ ಹೋಗಿದ್ದೆ.

"ಅಕ್ಕಾ, ಇದ್ರಲ್ಲಿ ನಾನೂ ಇದ್ದೀನಲ್ಲ" ಎಂದಳು.

ತಾಯಿಯ ಜೊತೆ ಅವಳದೊಂದು ಫೋಟೋ ಇರಲಿಲ್ಲವೆಂಬುದು ನನಗೆ ಆಗ ಹೊಳೆಯಿತು. ನೆಗೆಟಿವನ್ನೂ ಕೇಳಿ ಪಡೆದು, ಎರಡನ್ನೂ ತಾಯಿಯ ದುಪಟ್ಟಾದಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು. ಚಹಾ ಮಾಡಿ ಕೊಟ್ಟಳು. ತಾಯಿ ಆ ಹೊತ್ತಿನಲ್ಲಿ ಏನು ಹೇಳುತ್ತಿದ್ದರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಳೆದುಹೋದ ಆ ಚಿತ್ರಗಳಿಗಾಗಿ ನನ್ನ ಸಂಕಟ ಇವತ್ತಿಗೂ ಹೋಗಿಲ್ಲ. ಅದು ಹೋಗುವಂಥದ್ದೂ ಅಲ್ಲ.

ಹೊಸದಾಗಿ ಫಿಲ್ಮ್ ಹಿಡಿಯುವ ಹುಡುಗ ಹುಡುಗಿಯರು ಈಗಲೂ ಬಂದು, ಎಂಥ ಬ್ಯಾಗ್ ತಗೊಳ್ಳಲಿ ಮೇಡಂ ಎಂದು ಕೇಳುತ್ತಾರೆ. ಕ್ಯಾಮೆರಾ ಬ್ಯಾಗಿನ ಹಾಗೆ ಕಾಣದ್ದು ತಗೊಳ್ಳಿ, ಜನರ ನಡುವೆ ಹೋದರೆ ಎದ್ದು ಕಾಣಬಾರದು ಎಂದೇ ಹೇಳುತ್ತೇನೆ. ಆ ಮಾತು ನಾನು ಬದಲಿಸಿಲ್ಲ. ಆಮೇಲೆ ಎರಡು ಮಾತು ಸೇರಿಸುತ್ತೇನೆ. ಚಿತ್ರ ತೆಗೆದ ರೀಲನ್ನು ಪೂರ್ತಿ ಮುಗಿಯದಿದ್ದರೂ ಸುತ್ತಿ ತೆಗೆದು ಮೈಮೇಲೆ ಇಟ್ಟುಕೊಳ್ಳಿ, ಚೀಲದಲ್ಲಿ ಬಿಡಬೇಡಿ. ಮತ್ತೆ, ಜಿಪ್ ಎಳೆದ ಕೂಡಲೇ ಕಾಣುವ ಹಾಗೆ ನಿಮ್ಮ ಹೆಸರು, ಫೋನ್ ನಂಬರು ದೊಡ್ಡದಾಗಿ ಬರೆದಿಡಿ. ಯಾರ ಕಣ್ಣಿಗೂ ಬೀಳಬಾರದೆಂದು ನಾವು ನಮ್ಮ ಗುರುತನ್ನೆಲ್ಲ ಅಳಿಸುತ್ತೇವೆ. ನಮ್ಮ ಕಡೆ ಚೀಲ ಸಿಕ್ಕಿದವರಲ್ಲಿ ಹೆಚ್ಚಿನವರು ಕಳ್ಳರಲ್ಲ; ಇದು ಯಾರದೆಂದು ಹುಡುಕಿ ಕೊಡಬೇಕೆಂದು ಒದ್ದಾಡುವವರು. ಅವರು ಹುಡುಕುವುದಕ್ಕೆ ಒಂದು ಹೆಸರನ್ನಾದರೂ ನಾವು ಬಿಟ್ಟಿರಬೇಕು.